ಒಂದು ಎಳೆ ಕತ್ತರಿಸಿದ ಎಲೆ: ಜಾದೂ ಇಸ್ಪೀಟಿನ ಹಿಂದಿನ ಚರಿತ್ರೆ

ನಮ್ಮ ಕಡೆ ಇಸ್ಪೀಟು ಆಡುವವರು "ಎಲಿ ಹಾಕ್ರಿ" ಅನ್ನುತ್ತಾರೆ. ಹಿಂದಿ, ದಖನಿ ಮಾತಾಡುವವರು ಪತ್ತಾ ಅನ್ನುತ್ತಾರೆ. ಮೈಸೂರು ಅರಮನೆಯವರು ತಮ್ಮ ಆಟದ ಕಾರ್ಡುಗಳಿಗೆ ಛದ ಅಂತ ಸಂಸ್ಕೃತದ ಹೆಸರಿಟ್ಟಿದ್ದರು. ಎಲಿ, ಪತ್ತಾ, ಛದ, ಮೂರರ ಅರ್ಥವೂ ಒಂದೇ. ಗಿಡದ ಎಲೆ.

ಆದರೆ ಎಲೆಗಳ ಮೇಲಿನ ಗುರುತುಗಳ ಹೆಸರು ಬೇರೆ ದಾರಿ ಹೇಳುತ್ತವೆ. ಇಸ್ಪೀಟು, ಆಟೀನು, ಡೈಮನ್, ಕಳಾವರ್. ಇಂಗ್ಲಿಷಿನಲ್ಲಿ ಕಳಾವರಿಗೆ ಕ್ಲಬ್ ಅನ್ನುತ್ತಾರೆ, ಅದಕ್ಕೂ ನಮ್ಮ ಪದಕ್ಕೂ ಸಂಬಂಧವೇ ಕಾಣುವುದಿಲ್ಲ. ಡಚ್ಚರ ಭಾಷೆಯಲ್ಲಿ ನೋಡಿದರೆ ಅದು ಕ್ಲಾವರ್, ಆಟೀನು ಹಾರ್ಟನ್. ಹಡಗಿನಲ್ಲಿ ಮೆಣಸು ಒಯ್ಯಲು ಬಂದವರ ಮಾತು ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕೂತಿದೆ ಅಂತ ನಮಗನ್ನಿಸುತ್ತದೆ. ಎಕ್ಕ, ರಾಜ, ರಾಣಿ, ಗುಲಾಮ ಮಾತ್ರ ಇಲ್ಲಿಯವರೇ ಇಟ್ಟ ಹೆಸರುಗಳು.

ಈ ಬರಹ ಆಟದ ಬಗ್ಗೆ ಅಲ್ಲ, ಆ ಎಲೆಗಳನ್ನು ಮನೆಯಲ್ಲಿ ಕತ್ತರಿಸಿ, ಸೀಳಿ, ಅಂಟಿಸಿ ಜಾದೂ ಎಲೆ ಮಾಡುವ ವಿದ್ಯೆಯ ಬಗ್ಗೆ. ಆ ವಿದ್ಯೆ ಎರಡು ಕೈಗಳಲ್ಲಿ ಬೆಳೆದಿದೆ. ಒಂದು ಜಾದೂಗಾರನದು, ಇನ್ನೊಂದು ಜೂಜಿನ ಮೋಸಗಾರನದು. ಕತ್ತರಿ ಇಬ್ಬರದೂ ಒಂದೇ.

ದುಂಡು ಎಲೆಯ ಕಾಲ

ಡಚ್ಚರಿಗಿಂತ ಮೊದಲು ನಮ್ಮ ದೇಶದಲ್ಲಿ ಎಲೆಯಾಟ ಇರಲಿಲ್ಲ ಅಂದುಕೊಳ್ಳಬೇಡಿ. ಗಂಜೀಫಾ ಇತ್ತು. ಪರ್ಷಿಯಾ ಕಡೆಯಿಂದ ಬಂದ ಆಟ. ಬಾಬರ್ 1527ರಲ್ಲಿ ಸಿಂಧ್ ಕಡೆಯ ಒಬ್ಬ ಒಡೆಯನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಕ್ಬರನ ಕಾಲದ ಆಟವನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವಿವರಿಸಿದ್ದಾನೆ. ಆಮೇಲೆ ಸಾಮಾನ್ಯವಾಗಿ ಆಡಿದ ಮೊಗಲ್ ಗಂಜೀಫಾಕ್ಕೆ 96 ಎಲೆ. ಹಿಂದೂ ಮನೆಗಳಲ್ಲಿ ಆಡಿದ ದಶಾವತಾರ ಗಂಜೀಫಾಕ್ಕೆ 120, ಅಂದರೆ ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು ಎಲೆ. ನಿಜಾಮರ ಸೀಮೆಯಲ್ಲಿ ನಿರ್ಮಲ್ ಊರಿನ ಚಿತ್ರಗಾರರು ಇವನ್ನು ಬರೆಯುತ್ತಿದ್ದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರ ಹುಚ್ಚೇ ಇತ್ತು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಹದಿಮೂರು ಬಗೆಯ ಛದದ ಆಟಗಳಿವೆ. ಅದರಲ್ಲಿ ದೊಡ್ಡದಕ್ಕೆ 360 ಎಲೆ! ಅಷ್ಟನ್ನು ಕೈಯಲ್ಲಿ ಹಿಡಿದು ಆಡಿದವರ ತಾಳ್ಮೆಗೆ ಶರಣು.

ಗಂಜೀಫಾ ಮಾಡುವ ಕೆಲಸ ನಮ್ಮ ಜನಕ್ಕೆ ತಿಳಿದ ಸಾಮಾನಿನಲ್ಲೇ ನಡೆಯುತ್ತಿತ್ತು. ಹಳೆಯ ಹತ್ತಿ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಬೇಕು. ಅಂಟು ಹುಣಸೆ ಬೀಜದ್ದು. ಕುರುಬರ ಕಂಬಳಿಗೆ ಗಂಜಿ ಹಾಕಿ ಬಿಗಿ ಮಾಡುತ್ತಾರಲ್ಲ, ಅದೇ ಹುಣಸೆ ಬೀಜ. ಮೇಲೆ ಸುಣ್ಣದ ಪುಡಿಯಂಥ ಬಿಳಿ ಬಳಿದು, ಉಜ್ಜಿ ನುಣುಪು ಮಾಡಿ, ದುಂಡಗೆ ಕತ್ತರಿಸಿ, ಚಿತ್ರ ಬರೆದು, ಬೆನ್ನಿಗೆ ಒಂದೇ ಬಣ್ಣ ಹಚ್ಚಿ, ಅರಗಿನ ಮೆರುಗು ಕೊಡುತ್ತಿದ್ದರು. ಸುರಪುರದ ಗರುಡಾದ್ರಿ ಮನೆತನದ ಚಿತ್ರಗಳನ್ನು ಕಂಡವರಿಗೆ ಸಣ್ಣ ಜಾಗದಲ್ಲಿ ಕೂದಲಿನಂಥ ಗೆರೆ ಎಳೆಯುವ ಕೈ ಎಂಥದು ಅಂತ ಹೇಳಬೇಕಾಗಿಲ್ಲ. ಗಂಜೀಫಾ ಕೂಡ ಅಂಥ ಕೈಯದೇ ಕೆಲಸ.

ಈಗ ಒಂದು ಪ್ರಶ್ನೆ ಹುಟ್ಟುತ್ತದೆ. ನಮ್ಮ ದೇಶದಲ್ಲಿ ಗಾರುಡಿಗರಿಗೆ ಬರವಿರಲಿಲ್ಲ. ಬಟ್ಟಲಿನ ಕೆಳಗೆ ಗುಂಡು ಮಾಯ ಮಾಡುವುದು, ಮಾವಿನ ಗಿಡ ಬೆಳೆಸುವುದು, ಬುಟ್ಟಿಯಲ್ಲಿ ಹುಡುಗನನ್ನು ಕೂಡಿಸಿ ಕತ್ತಿ ಚುಚ್ಚುವುದು, ಎಲ್ಲ ಇತ್ತು. ಎಲೆಯೂ ಇತ್ತು. ಹಾಗಾದರೆ ಎಲೆಯ ಜಾದೂ ಯಾಕೆ ನಮ್ಮ ಗಾರುಡಿಗರ ಹೆಸರಾಂತ ಆಟಗಳ ಸಾಲಿಗೆ ಸೇರಲಿಲ್ಲ?

ನಾವು ಕಂಡುಕೊಂಡ ಉತ್ತರ ಆ ಎಲೆಯಲ್ಲೇ ಇದೆ. ಕೈಯಲ್ಲಿ ಮಾಡಿದ ಎಲೆ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದರ ಅಂಚು ದಪ್ಪ, ಒಂದರ ಮೆರುಗು ಹೆಚ್ಚು, ಒಂದು ಸ್ವಲ್ಪ ಬಾಗಿದೆ. ದಿನಾ ಆಡುವವನಿಗೆ ನಾಲ್ಕೈದು ಎಲೆ ಬೆನ್ನಿನಿಂದಲೇ ಗುರುತಾಗುತ್ತವೆ. ನೋಡುವವನಿಗೂ ಅದು ಗೊತ್ತು. "ಗುರುತು ಹಿಡಿದಾನ ಬಿಡು" ಅಂತ ಎದ್ದು ಹೋಗುತ್ತಾನೆ. ಅದೂ ಅಲ್ಲದೆ ಎಲೆ ದುಂಡಗಿದೆ. ದುಂಡಗಿನದಕ್ಕೆ ತಲೆ ಯಾವುದು, ಬುಡ ಯಾವುದು? ಒಂದು ಕಡೆ ಸಪೂರ ಮಾಡಿ ಕತ್ತರಿಸಲು ಅಲ್ಲಿ ಕಡೆಯೇ ಇಲ್ಲ.

ಎಲ್ಲ ಎಲೆಗಳೂ ಒಂದೇ ಆದಾಗ

ಯುರೋಪಿನಲ್ಲೂ ಬಹಳ ಕಾಲ ಎಲೆಗಳ ಬೆನ್ನು ಬರೀ ಬಿಳಿ ಇತ್ತು. ಬೆರಳಿನ ಕೊಳೆ, ಚಹಾದ ಕಲೆ ಬಿದ್ದರೆ ಎಲೆ ಗುರುತಾಗಿ ಹೋಗುತ್ತಿತ್ತು. ಲಂಡನ್ನಿನ ಥಾಮಸ್ ಡಿ ಲಾ ರೂ ಎಂಬ ಮುದ್ರಣದವನು 1830ರ ದಶಕದ ಆರಂಭದಲ್ಲಿ ಎಲೆಗಳನ್ನು ಬಣ್ಣದಲ್ಲಿ ಅಚ್ಚು ಹಾಕಲು ಪೇಟೆಂಟು ಪಡೆದ. ಬೆನ್ನಿನ ಮೇಲೆ ಹೂಬಳ್ಳಿ ಬಂತು, 52 ಎಲೆಗೂ ಅದೇ ಹೂಬಳ್ಳಿ. ಆಮೇಲೆ ತಲೆ ಮೇಲೆ ಕೆಳಗೆ ಎರಡೂ ಕಡೆ ಮುಖವಿರುವ ರಾಜ ರಾಣಿ ಬಂದರು. ಮೂಲೆ ದುಂಡಗಾಯಿತು. ಜೋಕರ್ ಅಮೆರಿಕದಿಂದ ಬಂದು ಸೇರಿಕೊಂಡ.

ಮೋಸ ತಡೆಯಲಿ ಅಂತ ಮಾಡಿದ ಈ ಸುಧಾರಣೆಯೇ ಜಾದೂಗಾರನಿಗೆ ಬಾಗಿಲು ತೆರೆಯಿತು ಅನ್ನುವುದು ನಮ್ಮ ಲೆಕ್ಕ. ಎಲ್ಲ ಎಲೆಯೂ ಒಂದೇ ಅಳತೆ, ಒಂದೇ ಬೆನ್ನು ಅಂತ ಜನ ನಂಬಿದ ಮೇಲೆ ಒಂದೇ ಒಂದು ಎಲೆಯನ್ನು ಕೂದಲೆಳೆಯಷ್ಟು ಗಿಡ್ಡ ಮಾಡಿದರೂ ಯಾರಿಗೂ ಸಂಶಯ ಬರುವುದಿಲ್ಲ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಅಷ್ಟರಲ್ಲೇ ಇಡೀ ವಿದ್ಯೆ ನಿಂತಿದೆ.

ಮಾಟಗಾತಿಯರನ್ನು ಉಳಿಸಲು ಬರೆದ ಪುಸ್ತಕ

ಕತ್ತರಿಸಿದ ಅಂಚಿನ ಯುಕ್ತಿ ಎಲೆಗಿಂತ ಮೊದಲು ಪುಸ್ತಕದಲ್ಲಿ ಬಂತು. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಮಾಟಗಾರಿಕೆಯ ಬಣ್ಣ ಬಯಲು ಮಾಡುವ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಆಗ ಅಲ್ಲಿ ಬಡ ಹೆಂಗಸರನ್ನು, ಅದರಲ್ಲೂ ವಯಸ್ಸಾದವರನ್ನು, ಮಾಟಗಾತಿ ಅಂತ ಹಿಡಿದು ಗಲ್ಲಿಗೆ ಹಾಕುತ್ತಿದ್ದರು. ಇದರಲ್ಲಿ ದೆವ್ವ ಗಿವ್ವ ಏನೂ ಇಲ್ಲ, ಎಷ್ಟೋ ಪವಾಡಗಳು ಬರೀ ಕೈಚಳಕ ಅಂತ ತೋರಿಸಲು ಸ್ಕಾಟ್ ಅಂದಿನ ಜಾದೂಗಾರರ ಗುಟ್ಟುಗಳನ್ನೇ ಬಿಚ್ಚಿಟ್ಟ. ಎಲೆಯ ಆಟಗಳೂ ಅದರಲ್ಲಿವೆ. ಒಂದು ಪುಸ್ತಕದ ಹಾಳೆಗಳ ಅಂಚನ್ನು ಮೆಟ್ಟಿಲಿನಂತೆ ಕತ್ತರಿಸುವುದೂ ಇದೆ. ಹೆಬ್ಬೆರಳನ್ನು ಒಂದು ಜಾಗದಲ್ಲಿಟ್ಟು ಹಾಳೆ ಬಿಟ್ಟರೆ ಬರೀ ಹೂವು ಕಾಣುತ್ತವೆ, ಬೆರಳು ಸ್ವಲ್ಪ ಕೆಳಗಿಟ್ಟರೆ ಬರೀ ಹಕ್ಕಿ, ಇನ್ನೂ ಕೆಳಗಿಟ್ಟರೆ ಖಾಲಿ ಹಾಳೆ. ನೋಡುವವನಿಗೆ ಪುಸ್ತಕವೇ ಬದಲಾದಂತೆ.

ಜಹಾಂಗೀರ್ ಬಾದಶಹನ ಹೆಸರಿನಲ್ಲಿ 1829ರಲ್ಲಿ ಇಂಗ್ಲಿಷಿಗೆ ಬಂದ ಒಂದು ಆತ್ಮಕಥೆಯಲ್ಲೂ ಇಂಥದೇ ಪುಸ್ತಕ ಬರುತ್ತದೆ. ಬಂಗಾಳದ ಜಾದೂಗಾರರು ದರ್ಬಾರಿನಲ್ಲಿ ಬಿಳಿ ಹಾಳೆಯ ಪುಸ್ತಕ ತೋರಿಸಿದರು, ಮತ್ತೆ ತೆರೆದರೆ ಕೆಂಪು, ಮತ್ತೆ ತೆರೆದರೆ ನೀಲಿ. ಆ ಪ್ರತಿಯನ್ನು ವಿದ್ವಾಂಸರು ಪೂರ್ತಿ ನಂಬುವುದಿಲ್ಲ. ಆದರೆ ಅದನ್ನು ಬರೆದವನಿಗೆ ಈ ಆಟ ಗೊತ್ತಿತ್ತು ಎಂಬುದು ಸ್ಪಷ್ಟ.

ಸ್ಕಾಟ್‌ನ ಆ ಕೆಲಸಕ್ಕೆ ಕರ್ನಾಟಕದಲ್ಲೂ ವಾರಸುದಾರರಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಹುಲಿಕಲ್ ನಟರಾಜ್ ಊರೂರು ತಿರುಗಿ ಪವಾಡ ಬಯಲು ಮಾಡಿ ತೋರಿಸುತ್ತಾರೆ. ವಾಮಾಚಾರ ತಡೆ ಕಾಯ್ದೆ ನಮ್ಮಲ್ಲಿ 2017ರಲ್ಲಿ ಬಂತು. ಸ್ಕಾಟ್‌ನ ಪುಸ್ತಕಕ್ಕೂ ಇದಕ್ಕೂ ನಡುವೆ 433 ವರ್ಷ. ಭಾನುಮತಿಗೆ ಮಾಟ ಮಾಡಿಸಿದ್ದಾರೆ, ನಿಂಬೆಹಣ್ಣು ತೆಗೆಸಬೇಕು ಅಂತ ಇವತ್ತೂ ದುಡ್ಡು ಕೀಳುವವರಿದ್ದಾರೆ ಅಂದರೆ ಇನ್ನೇನು ಹೇಳೋಣ.

ವಿಯೆನ್ನಾದ ಸರ್ಕಾರಿ ನೌಕರ

ಎಲೆ ಸೀಳುವ ವಿದ್ಯೆಗೆ ದೊಡ್ಡ ಹೆಸರು ಯೊಹಾನ್ ಹೋಫ್‌ಸಿನ್ಸರ್. 1806ರಲ್ಲಿ ಹುಟ್ಟಿ 1875ರಲ್ಲಿ ತೀರಿಕೊಂಡ. ಆಸ್ಟ್ರಿಯಾ ದೇಶದ ಹಣಕಾಸು ಇಲಾಖೆಯಲ್ಲಿ ನೌಕರಿ. ಹಗಲು ಕಡತ, ಸಂಜೆ ಮನೆಯಲ್ಲಿ ಹೆಂಡತಿಯ ಜೊತೆ ಎಲೆಯ ಪ್ರದರ್ಶನ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿಂದಲೇ ಬೆಳೆದ ನಮ್ಮ ಭೀಮರಾಯನಗುಡಿಯಲ್ಲಿ ಕೂತು ಇದನ್ನು ಓದಿದಾಗ ಈ ಮನುಷ್ಯ ಯಾಕೋ ಬಹಳ ಹತ್ತಿರದವನು ಅನ್ನಿಸಿದ.

ಇಸ್ಪೀಟು ಎಲೆ ಒಂದೇ ಹಾಳೆಯಲ್ಲ. ಎರಡು ಹಾಳೆಗಳ ನಡುವೆ ಕಪ್ಪು ಅಂಟು ಹಾಕಿ ಒತ್ತಿರುತ್ತಾರೆ. ಬೆಳಕಿಗೆ ಹಿಡಿದರೆ ಆಚೆ ಕಾಣಬಾರದು, ಅದಕ್ಕೆ. ಮೂಲೆಯನ್ನು ಎರಡು ಮೂರು ಸಲ ಮಡಿಚಿ ಉಗುರು ತೂರಿಸಿದರೆ ಕಾಗದದ ಎಲೆ ಸೀಳುತ್ತದೆ. ಹೀಗೆ ಎರಡು ಎಲೆ ಸೀಳಿ, ಎರಡರ ಮುಖವನ್ನೂ ಬೆನ್ನಿಗೆ ಬೆನ್ನು ಅಂಟಿಸಿದರೆ ಎರಡು ಮುಖದ ಎಲೆ. ಈ ಕಡೆ ಆಟೀನ್ ರಾಣಿ, ಆ ಕಡೆ ಕಳಾವರ್ ಏಳು. ಹೋಫ್‌ಸಿನ್ಸರ್ ಇಂಥವನ್ನು ತನ್ನ ಕೈಯಾರೆ ಮಾಡುತ್ತಿದ್ದ. ಅರ್ಧ ಒಂದು ಎಲೆ, ಅರ್ಧ ಇನ್ನೊಂದು ಎಲೆ ಇರುವಂಥವನ್ನೂ ಮಾಡಿದ. ಸಾಯುವಾಗ ತನ್ನ ಟಿಪ್ಪಣಿಗಳನ್ನೆಲ್ಲ ಸುಟ್ಟುಬಿಡಲು ಹೇಳಿದ, ಹೆಂಡತಿ ಹಾಗೇ ಮಾಡಿದಳು. ಶಿಷ್ಯರ ನೆನಪು, ಪತ್ರಗಳಿಂದ ಹೆಕ್ಕಿ ಒಟ್ಟೋಕಾರ್ ಫಿಷರ್ 1910ರಲ್ಲಿ ಪುಸ್ತಕ ಮಾಡದಿದ್ದರೆ ಆ ವಿದ್ಯೆ ಬಹುಪಾಲು ಬೂದಿಯಾಗಿಯೇ ಉಳಿಯುತ್ತಿತ್ತು.

ಗಿಡ್ಡ ಎಲೆ ಮಾಡುವ ಬಗೆ

ನಾವೂ ಒಂದು ಕಟ್ಟು ಮಾಡಿ ನೋಡಿದೆವು. ಹೆಚ್ಚು ಖರ್ಚಿಲ್ಲ. ಹಳೆಯ ಕಾಗದದ ಇಸ್ಪೀಟು, ಸ್ಟೀಲ್ ಪಟ್ಟಿ, ಹೊಸ ಬ್ಲೇಡು, ಒಂದು ನೇಲ್ ಕಟರ್, ಸಾಕು.

ಎಲ್ಲಕ್ಕಿಂತ ಸುಲಭದ್ದು ಗಿಡ್ಡ ಎಲೆ. ಒಂದು ಎಲೆ ತಗೊಂಡು ತುದಿಯಲ್ಲಿ ಸುಮಾರು ಒಂದು ಮಿಲಿಮೀಟರಿನಷ್ಟು ಕತ್ತರಿಸಬೇಕು. ಕತ್ತರಿ ಬೇಡ, ಅಂಚು ಅಲೆ ಅಲೆ ಆಗುತ್ತದೆ. ಪಟ್ಟಿ ಇಟ್ಟು ಬ್ಲೇಡಿನಲ್ಲಿ ಒಂದೇ ಎಳೆತಕ್ಕೆ ತೆಗೆಯಬೇಕು. ಮೂಲೆ ಚೂಪಾಗಿ ಬಿಡುತ್ತದೆ, ಅಲ್ಲೇ ಸಿಕ್ಕಿಬೀಳುವುದು. ಅದನ್ನು ಮತ್ತೆ ದುಂಡಗೆ ಮಾಡಲು ನೇಲ್ ಕಟರಿನ ಬಾಗಿದ ಬಾಯಿ ಹೇಳಿ ಮಾಡಿಸಿದಂತಿದೆ. ಈ ಎಲೆಯನ್ನು ಕಟ್ಟಿನಲ್ಲಿ ಎಲ್ಲೇ ಸೇರಿಸಿ, ತುದಿಯಿಂದ ಹೆಬ್ಬೆರಳಲ್ಲಿ ಸರ್ರ್ ಅಂತ ಬಿಡುತ್ತಾ ಬನ್ನಿ. ಗಿಡ್ಡ ಎಲೆ ಬಂದಾಗ "ಟಕ್" ಅಂತ ಒಂದು ತಡೆ ಬೆರಳಿಗೆ ಸಿಗುತ್ತದೆ. ಕಣ್ಣು ಮುಚ್ಚಿಕೊಂಡೇ ಹುಡುಕಬಹುದು.

ಇದನ್ನೇ ದೊಡ್ಡದು ಮಾಡಿದರೆ ಸ್ವೆಂಗಾಲಿ ಕಟ್ಟು. 26 ಬೇರೆ ಬೇರೆ ಉದ್ದ ಎಲೆ, 26 ಒಂದೇ ಬಗೆಯ ಗಿಡ್ಡ ಎಲೆ, ಒಂದು ಬಿಟ್ಟು ಒಂದು ಜೋಡಣೆ, ಮೇಲೆ ಗಿಡ್ಡದು. ಕಟ್ಟನ್ನು ಜನರ ಕಡೆ ಮುಖ ಮಾಡಿ ಬೆರಳಿನಿಂದ ಬಿಟ್ಟರೆ ಗಿಡ್ಡ ಎಲೆಗಳು ಉದ್ದ ಎಲೆಗಳ ಹಿಂದೆ ಅಡಗಿ ಬೀಳುತ್ತವೆ, ಎಲ್ಲ ಬೇರೆ ಬೇರೆಯೇ ಕಾಣುತ್ತವೆ. ಮಗುಚಿ ಇಟ್ಟು ತುದಿ ಹಿಡಿದು ಎಲ್ಲಿ ಎತ್ತಿದರೂ ಬೆರಳಿಗೆ ಸಿಗುವುದು ಉದ್ದ ಎಲೆ, ಆದ್ದರಿಂದ ಕೆಳಗಿನ ಭಾಗದ ಮೇಲೆ ಉಳಿಯುವುದು ಗಿಡ್ಡ ಎಲೆ. "ನಿಮಗೆ ಬೇಕಾದಲ್ಲಿ ಕಟ್ ಮಾಡ್ರಿ ಕಾಕಾ" ಅಂತ ಧೈರ್ಯವಾಗಿ ಹೇಳಬಹುದು. ಅಮೆರಿಕದ ಬರ್ಲಿಂಗ್ ಹಲ್ ಎಂಬಾತ ಇದನ್ನು 1909ರ ಸುಮಾರಿಗೆ ಮಾರುಕಟ್ಟೆಗೆ ತಂದ. ಹೆಸರು 1894ರ ಒಂದು ಇಂಗ್ಲಿಷ್ ಕಾದಂಬರಿಯ ವಶೀಕರಣ ಮಾಡುವ ಪಾತ್ರದ್ದು.

ಮನೆಯಲ್ಲಿ ಮಾಡುವವನ ತೊಂದರೆ ಬೇರೆ. ಒಂದೇ ಬಗೆಯ 26 ಎಲೆ ಬೇಕಾದರೆ ಒಂದೇ ಬ್ರಾಂಡಿನ 26 ಕಟ್ಟು ಬೇಕು! ಅದಕ್ಕೇ ನಾವು ಗಿಡ್ಡ ಎಲೆಯನ್ನು ಹತ್ತಕ್ಕೇ ನಿಲ್ಲಿಸಿದೆವು. ಮೊದಲ ಸಲ ತೋರಿಸಿದಾಗ ಒಬ್ಬ ಹಿರಿಯರು ಕಟ್ಟು ಕೈಗೆ ತಗೊಂಡು, ಒಂದು ಸಲ ಬೆರಳಾಡಿಸಿ, "ತಮ್ಮಾ, ಇದ್ರಾಗ ಏನೋ ಅದ" ಅಂದರು. ಎಲೆ ಹಾಕಿ ಹಾಕಿ ಪಳಗಿದ ಬೆರಳು.

ಎರಡು ಮುಖದ ಎಲೆಗೆ ಅಂಟೇ ಕಷ್ಟ. ಬಿಳಿ ಫೆವಿಕಾಲ್ ದಪ್ಪ ಹಚ್ಚಿದರೆ ನೀರಿನ ಪಸೆಗೆ ಎಲೆ ಹಪ್ಪಳದಂತೆ ಬಾಗುತ್ತದೆ. ತೆಳುವಾಗಿ ಹಚ್ಚಿ, ಒರೆಸಿ, ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಬೇಕು. ಈಗ ಬರುವ ಪೂರಾ ಪ್ಲಾಸ್ಟಿಕ್ ಎಲೆ ಸೀಳುವುದೇ ಇಲ್ಲ.

ಅದೇ ಬ್ಲೇಡು, ಬೇರೆ ಕೈ

ಇನ್ನೊಂದು ಬಗೆ ಇದೆ. 52 ಎಲೆಗಳನ್ನೂ ಉದ್ದಕ್ಕೆ ಓರೆಯಾಗಿ ಕತ್ತರಿಸಿ ಒಂದು ತುದಿ ಕೊಂಚ ಸಪೂರ ಮಾಡುವುದು. ಎಲ್ಲ ಒಂದೇ ದಿಕ್ಕಿಗಿದ್ದಾಗ ಏನೂ ಗೊತ್ತಾಗದು. ಒಂದನ್ನು ತಿರುಗಿಸಿ ಸೇರಿಸಿದರೆ ಅದರ ಅಗಲದ ತುದಿ ಉಳಿದವುಗಳ ಸಪೂರ ತುದಿಯಿಂದ ಹೊರಗೆ ಇಣುಕುತ್ತದೆ. ಎರಡು ಬದಿ ಸವರಿ ಎಳೆದರೆ ಆ ಎಲೆ ಕೈಗೆ ಬರುತ್ತದೆ. ಫ್ರಾನ್ಸಿನ ಹೆಸರಾಂತ ಜಾದೂಗಾರ ರೊಬೇರ್ ಉದ್ಯಾಂ ಜೂಜಿನ ಮೋಸಗಳನ್ನು ಬಯಲು ಮಾಡಲೆಂದೇ 1861ರಲ್ಲಿ ಬರೆದ ಪುಸ್ತಕದಲ್ಲಿ ಇಂಥ ಎಲೆಗಳ ಬಗ್ಗೆ ಎಚ್ಚರಿಸಿದ್ದ.

ಜಾದೂಗಾರ ಮೊದಲೇ ಹೇಳಿ ಮೋಸ ಮಾಡುತ್ತಾನೆ, ಜನ ಚಪ್ಪಾಳೆ ತಟ್ಟಿ ನಗುತ್ತಾ ಮನೆಗೆ ಹೋಗುತ್ತಾರೆ. ಅಂದರ್ ಬಾಹರ್ ಹಾಸಿನ ಮೇಲೆ ಇದೇ ಕಟ್ಟು ಬಂದರೆ ಹೋಗುವುದು ತೊಗರಿ ಮಾರಿದ ದುಡ್ಡು. ಆ ಆಟದ ಲೆಕ್ಕ ಬಹಳ ಸರಳ. ಒಂದು ಎಲೆ ತೆರೆದಿಟ್ಟು, ಒಳಗೆ ಹೊರಗೆ ಅಂತ ಒಂದೊಂದೇ ಹಾಕುತ್ತಾ, ಅದರ ಜೋಡಿ ಯಾವ ಕಡೆ ಬಿದ್ದರೆ ಆ ಕಡೆ ಗೆಲುವು. ಮೊದಲು ಎಲೆ ಬೀಳುವ ಕಡೆಗೆ ಗೆಲ್ಲುವ ಅವಕಾಶ ನೂರಕ್ಕೆ ಸುಮಾರು 51.5. ಉಳಿದದ್ದೆಲ್ಲ ನಸೀಬು. ಬುದ್ಧಿಗೆ ಅಲ್ಲಿ ಕೆಲಸವಿಲ್ಲ. ಆದರೆ ಎಲೆ ಹಾಕುವವನ ಬೆರಳಿಗೆ ಜೋಡಿ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಅದು ನಸೀಬೂ ಅಲ್ಲ.

ಕಾನೂನು ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಯೋಚಿಸಿದೆ, ಅದರಲ್ಲಿ ನಮ್ಮ ಸೀಮೆಯ ಪಾಲೂ ಇದೆ. ಶಹಾಪುರ, ಸುರಪುರ, ಯಾದಗಿರಿ ನಿಜಾಮರ ಆಳ್ವಿಕೆಯಲ್ಲಿದ್ದಾಗ ಇಲ್ಲಿಗೂ ಹೈದರಾಬಾದ್ ಜೂಜು ಕಾಯ್ದೆ ಇತ್ತು. ಅದರ ವರ್ಷ ಫಸಲಿ 1305. ಮನೆಯ ಹಳೆಯ ಖಾಸ್ರಾ ಕಾಗದ ನೋಡಿದವರಿಗೆ ಫಸಲಿ ಲೆಕ್ಕ ಗೊತ್ತೇ ಇರುತ್ತದೆ, 590 ಕೂಡಿಸಿದರೆ 1895. ಇದೇ ಕಾಯ್ದೆಯಡಿ ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡಿದವರ ಮೇಲೆ ಹಾಕಿದ ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅಂತ ಯೋಚಿಸಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ, ಮೂರೆಲೆಯ ಆಟ ಹಾಗಲ್ಲ ಅಂತ 1967ರಲ್ಲಿ ಕೋರ್ಟು ಹೇಳಿತು. ಇವತ್ತಿನ ಆನ್‌ಲೈನ್ ರಮ್ಮಿ ವ್ಯಾಜ್ಯಗಳಲ್ಲೂ ವಕೀಲರು ಆ ತೀರ್ಪನ್ನು ಹಿಡಿದೇ ವಾದಿಸಿದ್ದಾರೆ. ಈಗ ನಮ್ಮಲ್ಲಿ ನಡೆಯುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಯುಗಾದಿ, ದೀಪಾವಳಿ ಮುಗಿದ ಮೇಲೆ ಪೇಪರಿನಲ್ಲಿ "ಅಂದರ್ ಬಾಹರ್, ಇಷ್ಟು ಜನರ ಮೇಲೆ ಕೇಸು" ಅಂತ ಬರುತ್ತದಲ್ಲ, ಬಯಲಲ್ಲಿ ಆಡಿದ್ದಕ್ಕೆ ಹಾಕುವುದು ಅದರ 87ನೇ ಕಲಂ. ಆದರೆ ಹಾಸಿನ ಮೇಲಿನ ಕಟ್ಟು ಕತ್ತರಿಸಿದ್ದೋ ಅಲ್ಲವೋ ಅಂತ ಆ ಸುದ್ದಿಯಲ್ಲಿ ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಕಟ್ಟನ್ನು ಪರೀಕ್ಷಿಸುವುದು ಕಷ್ಟವಲ್ಲ. ಅರ್ಧ ಕಟ್ಟನ್ನು ತಲೆ ಕೆಳಗು ತಿರುಗಿಸಿ ಉಳಿದರ್ಧದ ಜೊತೆ ಸೇರಿಸಿ, ಮೇಜಿಗೆ ಕುಟ್ಟಿ, ಎರಡೂ ಬದಿ ಸವರಿ. ಓರೆ ಕತ್ತರಿಸಿದ್ದರೆ ಅಂಚು ಒಂದಕ್ಕೊಂದು ಕೂಡುವುದಿಲ್ಲ. ಗಿಡ್ಡ ಎಲೆ ಇದ್ದರೆ ತುದಿಯಿಂದ ಬಿಡುವಾಗ ಆ ಟಕ್ ಸಿಗುತ್ತದೆ. ಬೆನ್ನಿನ ಚಿತ್ರದಲ್ಲಿ ಗುರುತು ಮಾಡಿದ್ದಾರೆ ಅನ್ನಿಸಿದರೆ ಬೆನ್ನು ನಿಮ್ಮ ಕಡೆ ಇಟ್ಟು ಪುಸ್ತಕದ ಹಾಳೆಯಂತೆ ಬೇಗ ಬೇಗ ಬಿಡಿ. ಒಳ್ಳೆಯ ಕಟ್ಟಿನಲ್ಲಿ ಹೂಬಳ್ಳಿ ನಿಂತಲ್ಲೇ ನಿಲ್ಲುತ್ತದೆ. ಗುರುತಿದ್ದರೆ ಆ ಜಾಗದಲ್ಲಿ ಸಿನಿಮಾದಂತೆ ಏನೋ ಕುಣಿಯುತ್ತದೆ.

ಜೂಜಿನ ದೊಡ್ಡ ಕೆಸಿನೋಗಳಲ್ಲಿ ಆಡಿ ಮುಗಿದ ಕಟ್ಟಿನ ನಡುವೆ ಡ್ರಿಲ್ಲಿನಿಂದ ತೂತು ಹಾಕುತ್ತಾರೆ, ಅಥವಾ ಮೂಲೆ ಕತ್ತರಿಸುತ್ತಾರೆ. ಅದು ಮತ್ತೆ ಆಟದ ಮೇಜಿಗೆ ಬರಬಾರದು ಅಂತ. ನಾವು ಮಾಡಿದ ಕಟ್ಟಿಗೂ ಬಡಗಿಯೊಬ್ಬರ ಹತ್ತಿರ ಹಾಗೇ ತೂತು ಹಾಕಿಸಿದೆವು. ಶಾಲೆ ಮಕ್ಕಳಿಗೆ ಜಾದೂ ತೋರಿಸಲು ತೂತಿನಿಂದ ಏನೂ ಅಡ್ಡಿಯಾಗಿಲ್ಲ. ಆ ತೂತಿನಲ್ಲಿ ಕಣ್ಣಿಟ್ಟು ನೋಡುವುದೇ ಈಗ ಅವರಿಗೆ ದೊಡ್ಡ ಆಟ.